ಹೊಗೆಗೊಂದು ಗುಡ್ಡೆ

ಒಂದು ಟಗರನ್ನು ಮುನ್ನೂರು ಪಾಲು ಮಾಡಿ, ಮುನ್ನೂರು ಎಲೆಯ ಮೇಲೆ ಗುಡ್ಡೆ ಹಾಕಿ, ಒಂದು ಗುಡ್ಡೆಗೂ ಇನ್ನೊಂದಕ್ಕೂ ಸಾಸಿವೆಯಷ್ಟೂ ಹೆಚ್ಚುಕಡಿಮೆಯಾಗದ ಹಾಗೆ ಹಂಚಿದವನು ಈ ಭೂಮಿಯ ಮೇಲೆ ಒಬ್ಬನೇ. ಅವನು ನಾನು.

ಸುಳ್ಳು. ಹಂಚಿದವನು ಕತ್ತಿಯವ. ನಾನು ಅವನ ಕಡೆ ಬೆನ್ನು ಹಾಕಿ ನಿಂತಿದ್ದೆ. ಟಗರು ಕಪ್ಪಗಿತ್ತೋ ಬೆಳ್ಳಗಿತ್ತೋ ಅನ್ನುವುದು ಕೂಡ ನನಗೆ ಗೊತ್ತಿಲ್ಲ. ಆದರೆ ಬೆನ್ನು ಹಾಕಿ ನಿಲ್ಲುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ. ಬೇಕಾದರೆ ಆಮೇಲೆ ನಿಂತು ತೋರಿಸುತ್ತೇನೆ. ಈಗ ಟೀ ಬಿಸಿಯಾಗಿದೆ, ಕುಡಿಯುತ್ತಾ ಕೇಳಿ.

ಆ ಊರಿಗೆ ಹೆಸರಿಲ್ಲ. ಇತ್ತು, ನಾನೇ ಮರೆತಿದ್ದೇನೆ. ಹೋಗುವುದು ಸುಲಭ. ಬಿಸಿಲು ಎಡಗಿವಿಗೆ ಬೀಳುವ ಹಾಗೆ ಮೂರು ದಿನ ನಡೆಯಬೇಕು. ಬಲಗಿವಿಗೆ ಬೀಳುತ್ತಿದ್ದರೆ ನೀವು ಹೋಗುತ್ತಿಲ್ಲ, ವಾಪಸ್ಸು ಬರುತ್ತಿದ್ದೀರಿ. ನಲವತ್ತೊಂದು ಬಾಗಿಲು, ನಲವತ್ತೊಂದು ಒಲೆ, ನಡುವೆ ಒಂದು ಹುಣಸೆ ಮರ, ಊರಾಚೆ ಒಂದು ಬೋಳು ಬಂಡೆ. ಅಲ್ಲಿ ವಾರದಲ್ಲಿ ಆರು ದಿನ ಏನೂ ನಡೆಯುವುದಿಲ್ಲ. ಏಳನೆಯ ದಿನ ಬಾಡೂಟ.

ಭಾನುವಾರ ಬೆಳಕು ಹರಿಯುವ ಹೊತ್ತಿಗೆ ಕುರಿಯವ ಬೆಟ್ಟದ ಓರೆಯಿಂದ ಒಂದು ಟಗರು ಹೊಡೆದುಕೊಂಡು ಬರುತ್ತಿದ್ದ. ಒಂದೇ. ಅದೇ ಬೆಟ್ಟದ ಹುಲ್ಲು ಮೇಯ್ದು, ಅದೇ ಹಳ್ಳದ ನೀರು ಕುಡಿದು, ಊರಿನವರ ಕಣ್ಣ ಮುಂದೆ ಬೆಳೆದ ಟಗರು. ಬಾಗಿಲಿಗೊಂದು ಪಡಿ ರಾಗಿ ಅವನ ಚೀಲಕ್ಕೆ ಬೀಳುತ್ತಿತ್ತು. ಅದೇ ಹೊತ್ತಿಗೆ ಹೊಗೆಯಜ್ಜಿ ಬೋಳು ಬಂಡೆ ಹತ್ತಿ ಕೂತು ಊರನ್ನು ನೋಡುತ್ತಿದ್ದಳು. ಒಂದು ಹೊಗೆ ಎದ್ದರೆ ಒಂದು ಹುಣಸೆ ಬೀಜ ಮಡಿಲಿಗೆ. ಹೊಗೆಗೊಂದು ಬೀಜ, ಬೀಜಕ್ಕೊಂದು ಎಲೆ, ಎಲೆಗೊಂದು ಗುಡ್ಡೆ. ಇದು ಕಟ್ಟಳೆ.

ಅಜ್ಜಿ ಇಳಿದು ಬಂದು ಬೀಜ ಸುರಿದ ಮೇಲೆ ಕತ್ತಿಯವ ಅಷ್ಟೇ ಮುತ್ತುಗದ ಎಲೆ ಸಾಲಾಗಿ ಹಾಸುತ್ತಿದ್ದ. ಪ್ರತಿ ಎಲೆಗೂ ತೊಡೆಯದೊಂದು ತುಂಡು, ಪಕ್ಕೆಯದೊಂದು ತುಂಡು, ಈಲಿಯದೊಂದು, ಗುಂಡಿಗೆಯದೊಂದು, ಬೋಟಿಯದೊಂದು, ಬಾಲದ್ದೊಂದು. ತಕ್ಕಡಿ ಇಲ್ಲ. ಕಣ್ಣೇ ತಕ್ಕಡಿ. ನಲ್ಲಿ ಮೂಳೆ ಮಾತ್ರ ಕಡಿಯುವ ಹಾಗಿಲ್ಲ. ಕಡಿದರೆ ಒಳಗಿನ ನೆಣ ಚೆಲ್ಲಿಹೋಗುತ್ತದೆ. ಅಂಥ ಮೂಳೆ ನಾಲ್ಕೇ ನಾಲ್ಕು. ಅವನ್ನು ಇಡಿಯಾಗಿ ಯಾವುದೋ ನಾಲ್ಕು ಗುಡ್ಡೆಯ ಮೇಲೆ ಇಡುತ್ತಿದ್ದ. ಯಾರಿಗೆ ಬಂತೋ ಅವರ ಅದೃಷ್ಟ.

ಇಲ್ಲಿ ನನ್ನ ಕೆಲಸ. ಗುಡ್ಡೆ ನೋಡದವನೊಬ್ಬ ಬೇಕಲ್ಲ, ಅವನೇ ನಾನು, ಬೆನ್ನಿನವ. ಹುಣಸೆ ಮರದ ಕಾಂಡಕ್ಕೆ ಮೂಗು ತಾಗುವ ಹಾಗೆ ನಿಲ್ಲುತ್ತಿದ್ದೆ. ಕತ್ತಿಯವ ಒಂದು ಗುಡ್ಡೆ ಮುಟ್ಟಿ ಕೇಳುತ್ತಿದ್ದ:

“ಇದು ಯಾರಿಗೆ?”

“ಬಾವಿ ಪಕ್ಕದ ಹೊಗೆಗೆ.”

“ಇದು ಯಾರಿಗೆ?”

“ಕುಂಟು ಬಾಗಿಲ ಹೊಗೆಗೆ.”

“ಇದು ಯಾರಿಗೆ?”

“ಮೂರು ಕಲ್ಲಿನ ಹೊಗೆಗೆ.”

ಹೀಗೆ ನಲವತ್ತೊಂದು ಸಲ. ನೋಡದವನ ಬಾಯಿಂದ ಬಂದ ಹೆಸರಿನ ಮೇಲೆ ಯಾರೂ ಜಗಳ ಆಡುತ್ತಿರಲಿಲ್ಲ. ನನ್ನ ಹೊಗೆಯನ್ನೂ ನಾನೇ ಕೂಗಬೇಕು, ಒಂದು ಸಲ. ಇಪ್ಪತ್ತು ವರ್ಷ ಕೂಗಿದೆ. ಇಪ್ಪತ್ತು ವರ್ಷದಲ್ಲಿ ಒಂದು ಭಾನುವಾರವೂ ನನ್ನ ಗುಡ್ಡೆಯ ಮೇಲೆ ನಲ್ಲಿ ಮೂಳೆ ಇರಲಿಲ್ಲ.

ನಿಮಗೆ ನಲ್ಲಿ ಮೂಳೆ ಚೀಪಿ ಗೊತ್ತಿರಬೇಕು. ಬೆಂದ ಮೂಳೆಯ ಒಂದು ತುದಿಯನ್ನು ತಟ್ಟೆಗೆ ಎರಡು ಸಲ ಕುಟ್ಟಿ, ಇನ್ನೊಂದು ತುದಿಗೆ ಬಾಯಿ ಇಟ್ಟು ಎಳೆದರೆ ಸುರ್ರನೆ ಬರುತ್ತದಲ್ಲ, ಆ ಸುರ್ರು. ಎಡಗಡೆ ಮನೆಯಿಂದ ಆ ಸದ್ದು ಕೇಳಿದ್ದೇನೆ, ಬಲಗಡೆ ಮನೆಯಿಂದ ಕೇಳಿದ್ದೇನೆ. ನನ್ನ ತಟ್ಟೆಯಿಂದ ಮಾತ್ರ ಕೇಳಿರಲಿಲ್ಲ. ಇಪ್ಪತ್ತೊಂದನೇ ವರ್ಷ ಒಂದು ಶನಿವಾರ ನನಗೆ ಒಂದು ವಿಷಯ ಹೊಳೆಯಿತು. ರಾಗಿ ಕೊಡುವುದು ಬಾಗಿಲಿಗೊಂದು ಪಡಿ. ಗುಡ್ಡೆ ಬರುವುದು ಹೊಗೆಗೊಂದು. ಕಟ್ಟಳೆ ಮಾಡಿದ ಹಿರಿಯರಿಗೆ ಬಾಗಿಲೂ ಹೊಗೆಯೂ ಬೇರೆಬೇರೆ ಅಂತ ಅನ್ನಿಸಿರಲೇ ಇಲ್ಲ. ಪಾಪ, ಒಳ್ಳೆಯವರು. ನನ್ನಂಥವನು ಹುಟ್ಟುತ್ತಾನೆ ಅಂತ ಅವರಿಗೆ ಯಾರೂ ಹೇಳಿರಲಿಲ್ಲ.

ಮನೆಯಾಕೆಯನ್ನು ಹಿತ್ತಲಿಗೆ ಕರೆದೆ. “ನೋಡು, ನಾವಿಬ್ಬರೂ ಜಗಳ ಆಡಿ ಒಲೆ ಬೇರೆ ಮಾಡ್ಕೋಬೇಕು,” ಅಂದೆ.

“ನಿಜವಾದ ಜಗಳವೋ, ಸುಳ್ಳೋ?”

“ಸುಳ್ಳು.”

“ಸುಳ್ಳಿಗೆ ಹೊಸದಾಗಿ ಯಾಕೆ ಕಷ್ಟಪಡಬೇಕು? ನಿಮ್ಮ ತಂಗಿ ಮದುವೇಲಿ ಎಲ್ಲರಿಗೂ ಸೀರೆ ತಂದು ನನ್ನ ಮರೆತರಲ್ಲ, ಅದು ಹಾಗೇ ಇದೆ. ಅದನ್ನೇ ತೆಗೆಯೋಣ.”

ತೆಗೆದಳು. ಸೀರೆಯ ಹಿಂದೆ ಬಳೆ ಬಂತು, ಬಳೆಯ ಹಿಂದೆ ನಮ್ಮಮ್ಮ ಬಂದಳು. ಜಗಳ ಮುಗಿಯುವ ಹೊತ್ತಿಗೆ ಅದು ಸುಳ್ಳು ಜಗಳ ಅನ್ನುವುದು ನನಗೊಬ್ಬನಿಗೇ ನೆನಪಿತ್ತು. ಅವಳು ಹಿತ್ತಲಲ್ಲಿ ಒಲೆ ಹೂಡಿದಳು, ನಾನು ಪಡಸಾಲೆಯಲ್ಲಿ ಹೂಡಿಕೊಂಡೆ. ಒಂದು ಬಾಗಿಲು, ಎರಡು ಹೊಗೆ.

ಭಾನುವಾರ ಅಜ್ಜಿ ಬೀಜ ಸುರಿದಳು. ಕತ್ತಿಯವ ಎಣಿಸಿ ತಲೆ ಎತ್ತಿದ. “ಅಜ್ಜಿ, ನಲವತ್ತೆರಡಿದೆ.”

“ಕಂಡದ್ದು ನಲವತ್ತೆರಡು.”

“ಇರೋದು ನಲವತ್ತೊಂದೇ ಮನೆ.”

“ನಾನು ಎಣಿಸೋದು ಹೊಗೆ ಮಗಾ. ಕೆಳಗೆ ಏನು ಬೇಯ್ತಿದೆ, ಯಾರ ಹೊಟ್ಟೆ ಉರೀತಿದೆ ಅಂತ ಬಂಡೆ ಮೇಲಿಂದ ಕಾಣಲ್ಲ.”

ಕಟ್ಟಳೆ ಅಂದರೆ ಕಟ್ಟಳೆ. ನಲವತ್ತೆರಡು ಎಲೆ ಹಾಸಿದ. ನಾನು ಮರದ ಕಡೆ ಮುಖ ಮಾಡಿ, ಧ್ವನಿ ನಡುಗದ ಹಾಗೆ, “ಗಂಡನ ಹೊಗೆಗೆ” ಅಂದೆ. ಸ್ವಲ್ಪ ಹೊತ್ತು ಬಿಟ್ಟು “ಹೆಂಡತಿ ಹೊಗೆಗೆ” ಅಂದೆ. ಬೆನ್ನ ಹಿಂದೆ ನಲವತ್ತು ತಲೆಗಳ ಒಳಗೆ ಒಂದೇ ವಿಷಯ ಹೊಳೆಯುವ ಸದ್ದು ನೀವು ಕೇಳಿದ್ದೀರಾ? ಜೋಳ ಅರಳಿದ ಹಾಗಿರುತ್ತದೆ.

ಎರಡು ಗುಡ್ಡೆಯಲ್ಲೂ ನಲ್ಲಿ ಮೂಳೆ ಇರಲಿಲ್ಲ.

ಮುಂದಿನ ವಾರ ಬಾವಿ ಪಕ್ಕದ ಅಣ್ಣತಮ್ಮಂದಿರು ಒಲೆ ಬೇರೆ ಮಾಡಿದರು. ಅದರ ಮುಂದಿನ ವಾರ ಅವರ ಹೆಂಡಂದಿರು ಅವರಿಂದ ಬೇರೆಯಾದರು. ಕುಂಟು ಬಾಗಿಲವನು ತೀರಿಕೊಂಡ ಅಪ್ಪನಿಗೊಂದು ಒಲೆ ಹೂಡಿ, “ಅವರಿಗೆ ಬಾಡು ಅಂದ್ರೆ ಪ್ರಾಣ” ಅಂದ. ಒಬ್ಬ ಹೋರಿಗೆ ಒಲೆ ಹೂಡಿದ. ಕ್ಷೌರದವನು ಮಾಳಿಗೆಯ ನಾಲ್ಕು ಮೂಲೆಯಲ್ಲೂ ಓಡಾಡುತ್ತಾ ನಾಲ್ಕು ಬೀಡಿ ಸೇದಿದ. ಅಜ್ಜಿ ನಾಲ್ಕು ಬೀಜ ಹಾಕಿದಳು. ಪೂಜೆಯವರ ಮನೆಯಿಂದ ಧೂಪದ ಹೊಗೆ ಎದ್ದಿತು. ಅವರು ಬಾಡು ತಿನ್ನುವುದಿಲ್ಲವಲ್ಲ ಅಂದರೆ, “ತಿನ್ನೋದಿಲ್ಲ ನಿಜ, ಪಾಲು ಬಿಡಬೇಕು ಅಂತ ಎಲ್ಲಿದೆ?” ಅಂದರು. ಒಂದು ಮನೆಯಲ್ಲಿ ಮದುವೆಯಾಗಿ ಹೆಣ್ಣು ಗಂಡು ಹೊಸಿಲು ದಾಟಿದ ಕೂಡಲೇ ಒಲೆ ಬೇರೆ ಮಾಡಿಸಿ, ಆಮೇಲೆ ಆರತಿ ಎತ್ತಿದರು.

ಟಗರು ಮಾತ್ರ ಒಂದೇ. ಬಾಗಿಲು ನಲವತ್ತೊಂದೇ, ರಾಗಿ ನಲವತ್ತೊಂದು ಪಡಿಯೇ, ಕುರಿಯವ ಎರಡನೇ ಟಗರನ್ನು ಯಾಕೆ ತರುತ್ತಾನೆ?

ತೊಂಬತ್ತು ಎಲೆ. ನೂರ ಎಪ್ಪತ್ತು ಎಲೆ. ಮುನ್ನೂರು ಎಲೆ. ಸಾಲು ಹುಣಸೆ ಮರದಿಂದ ಹೊರಟು ಹಳ್ಳ ದಾಟಿತು. ಪ್ರತಿ ಎಲೆಗೂ ಎಲ್ಲದರಲ್ಲೂ ಒಂದೊಂದು ತುಂಡು. ಟಗರಿನ ಬಾಲ ಇರುವುದು ಗೇಣುದ್ದ. ಅದನ್ನು ಮುನ್ನೂರು ಮಾಡಬೇಕು. ಕತ್ತಿಯವ ಕತ್ತಿ ಬಿಟ್ಟು ಚಾಕು ಹಿಡಿದ, ಚಾಕು ಬಿಟ್ಟು ಸೂಜಿ ಹಿಡಿದ. ಬೆಳಿಗ್ಗೆ ಕೂತವನು ಬಿಸಿಲು ಇಳಿಯುವವರೆಗೂ ಹಂಚುತ್ತಿದ್ದ. ಒಂದು ದಿನ ನನ್ನ ಬೆನ್ನಿಗೆ ಹೇಳಿದ: “ಅಣ್ಣಾ, ಇವತ್ತು ಈಲಿ ಯಾವುದು ಗುಂಡಿಗೆ ಯಾವುದು ಅಂತ ನನಗೇ ಗೊತ್ತಾಗಲಿಲ್ಲ. ಎರಡನ್ನೂ ಊದಿಬಿಟ್ಟೆ. ಎಲ್ಲೆಲ್ಲಿ ಬಿತ್ತೋ ಅಲ್ಲಲ್ಲಿ.”

ನಲ್ಲಿ ಮೂಳೆ ನಾಲ್ಕು, ಹೊಗೆ ಮುನ್ನೂರು. ಮೂಳೆಗಾಗಿ ಮೂರು ಭಾನುವಾರ ಹೊಡೆದಾಟವಾಯಿತು. ನಾಲ್ಕನೆಯ ಭಾನುವಾರ ಊರು ಸೇರಿ ತೀರ್ಮಾನ ಮಾಡಿತು: ಅದೃಷ್ಟ ಅನ್ನುವುದೇ ಅನ್ಯಾಯ, ಮೂಳೆಯನ್ನು ಕುಟ್ಟಿ. ಹಾಗೆ ನಾಲ್ಕು ನಲ್ಲಿ ಮೂಳೆಯನ್ನು ಒರಳಿಗೆ ಹಾಕಿ ಹಿಟ್ಟು ಮಾಡಿ, ಎಲೆಗೊಂದು ಚಿಟಿಕೆ ಉದುರಿಸಿದರು. ಒರಳಿನ ಸದ್ದು ಕೇಳುತ್ತಾ ನಾನು ಹುಣಸೆ ಮರಕ್ಕೆ ಹಣೆ ಒತ್ತಿ ಅತ್ತೆ. ಯಾರಿಗೂ ಕಾಣಲಿಲ್ಲ. ಈ ಕೆಲಸದ ಲಾಭ ಅದೊಂದೇ.

ಇಷ್ಟರಲ್ಲಿ ಊರಿನ ಪಾತ್ರೆಗಳೂ ಚಿಕ್ಕವಾಗಿದ್ದವು. ಚಿಟಿಕೆ ಬಾಡಿಗೆ ದೊಡ್ಡ ಪಾತ್ರೆ ಯಾಕೆ? ಮೊದಲು ತಂಬಿಗೆ, ಆಮೇಲೆ ಲೋಟ, ಆಮೇಲೆ ತೆಂಗಿನ ಚಿಪ್ಪು. ಹಳೆಯ ಒಲೆಗಳನ್ನು ಒಡೆದು ಅದೇ ಮಣ್ಣಿನಲ್ಲಿ ಅಂಗೈಯಗಲದ ಒಲೆ ಮಾಡಿ ಸಾಲಾಗಿ ಜೋಡಿಸಿದ್ದರು. ಅವುಗಳ ಮೇಲೆ ಏನೂ ಬೇಯುತ್ತಿರಲಿಲ್ಲ. ಹಸಿ ಸೊಪ್ಪು, ಒದ್ದೆ ಹುಲ್ಲು, ಅರ್ಧ ಒಣಗಿದ ಬೆರಣಿ, ಹೊಗೆ ಬಂದರೆ ಸಾಕು. ನನ್ನ ಮನೆಯಲ್ಲೇ ಒಂಬತ್ತು ಇದ್ದವು. ಒಂದಕ್ಕೆ ನನ್ನ ನೆರಳಿನ ಹೆಸರಿಟ್ಟಿದ್ದೆ.

ಊರ ಕೊನೆಯ ಬಾಗಿಲು ಮಾತ್ರ ಇದ್ದ ಹಾಗೇ ಇತ್ತು. ಅಲ್ಲಿ ಮೂರು ಕಲ್ಲಿನಾಕೆ ಇದ್ದಳು. ಅವಳದು ಮೂರು ಕಲ್ಲಿಟ್ಟ ಒಲೆ, ಒಂದೇ. ಕಪ್ಪು ಹಿಡಿದ ಒಂದು ದೊಡ್ಡ ಪಾತ್ರೆ. ಹೆರಿಗೆಗೆ ಬಂದ ಮಗಳು. ಹೆರಿಗೆಯಾಗಿ ಹದಿನೈದು ದಿನವಾಗಿತ್ತು. ಒಂದು ಬೆಳಿಗ್ಗೆ ಆಕೆ ನನ್ನ ಜಗಲಿಗೆ ಬಂದು ಕೂತಳು.

“ತಮ್ಮಾ, ಮಗೂಗೆ ಹಾಲು ಸಾಲ್ತಿಲ್ಲ.”

“ಬಾಣಂತಿಗೆ ಮೂಳೆ ಸಾರು ಕೊಡಕ್ಕಾ.”

“ಅದನ್ನೇ ಕೇಳೋಕೆ ಬಂದೆ. ಹೋದ ವಾರ ನನ್ನ ಗುಡ್ಡೆ ಇರುವೆ ಹೊತ್ಕೊಂಡು ಹೋಯ್ತು. ಒಂದೇ ಇರುವೆ.”

“ನೀನೂ ನಾಲ್ಕು ಒಲೆ ಹೂಡಕ್ಕಾ. ಕಟ್ಟಳೆ ಎಲ್ಲರಿಗೂ ಒಂದೇ.”

“ಹೂಡಿ ಏನು ಬೇಯಿಸ್ಲಿ?”

“ಬೇಯಿಸೋದೇನು ಬೇಡ. ಹೊಗೆ ಹಾಕಿದ್ರೆ ಸಾಕು.”

“ಹೊಗೆಗೆ ಮಗು ಕೆಮ್ಮುತ್ತೆ ಕಣಪ್ಪಾ. ಹೋಗಲಿ, ಹೆಸರು ಕೂಗೋನು ನೀನು, ಏನಾದ್ರೂ ಮಾಡು.”

“ನಾನು ಬೆನ್ನಿನವ ಅಕ್ಕಾ. ನನಗೇನೂ ಕಾಣೋದಿಲ್ಲ.”

ಆಕೆ ನನ್ನ ಮುಖವನ್ನು ಬಹಳ ಹೊತ್ತು ನೋಡಿದಳು. ಊರಿನಲ್ಲಿ ನನ್ನ ಮುಖವನ್ನು ಯಾರೂ ಅಷ್ಟು ಹೊತ್ತು ನೋಡಿದ್ದಿಲ್ಲ. ಎದ್ದು ಹೋದಳು.

ಆ ಮಗುವಿನ ಅಳು ಮೊದಲ ವಾರ ಊರಿಗೆಲ್ಲ ಕೇಳುತ್ತಿತ್ತು. ಎರಡನೇ ವಾರ ಆ ಬೀದಿಗೆ ಮಾತ್ರ. ಮೂರನೇ ವಾರ ಕೇಳಬೇಕಾದರೆ ಬಾಗಿಲಿಗೆ ಕಿವಿ ಇಡಬೇಕಾಯಿತು. ನಾನು ಕಿವಿ ಇಡಲಿಲ್ಲ. ಹೀಗಂತ ಯಾರೋ ಹೇಳಿದರು. ಸುಳ್ಳು, ಇಟ್ಟಿದ್ದೆ.

ಆಮೇಲೆ ಆ ಭಾನುವಾರ ಬಂತು. ಗಾಳಿ ಇರಲಿಲ್ಲ, ಎಲೆ ಅಲುಗುತ್ತಿರಲಿಲ್ಲ. ಊರಿನವರೆಲ್ಲ ಬೆಳಕು ಹರಿಯುವಾಗಲೇ ಎದ್ದು ತಮ್ಮ ತಮ್ಮ ಒಲೆಗಳಿಗೆ, ಹೋರಿಯ ಒಲೆಗಳಿಗೆ, ಅಪ್ಪಂದಿರ ಒಲೆಗಳಿಗೆ ಒದ್ದೆ ಹುಲ್ಲು ತುರುಕಿ ಊದಿದರು. ಹೊಗೆ ಎದ್ದಿತು. ಎದ್ದದ್ದು ಮೇಲೆ ಹೋಗಲಿಲ್ಲ. ಮಾಡಿನ ಎತ್ತರಕ್ಕೆ ನಿಂತು ಪಕ್ಕದ ಹೊಗೆಯ ಕೈ ಹಿಡಿಯಿತು. ಅದು ಅದರ ಪಕ್ಕದ್ದರ ಕೈ ಹಿಡಿಯಿತು. ಗಂಡನ ಹೊಗೆ ಹೆಂಡತಿಯ ಹೊಗೆಯನ್ನು ತಬ್ಬಿತು. ಅಣ್ಣತಮ್ಮಂದಿರ ಹೊಗೆ ಒಂದಾಯಿತು. ಬೀಡಿಯ ಹೊಗೆ ಧೂಪದ ಹೊಗೆಯ ಮಡಿಲಲ್ಲಿ ಹೋಗಿ ಕೂತಿತು. ನಮ್ಮ ಕೈ ನಮಗೆ ಕಾಣುತ್ತಿರಲಿಲ್ಲ. ಟಗರು ಯಾರದೋ ಪಂಚೆ ತಿಂದು ಹಾಕಿತು.

ಅಜ್ಜಿ ಬಂಡೆಯಿಂದ ಇಳಿದು, ಕೆಮ್ಮುತ್ತಾ, ಗೋಡೆ ಸವರುತ್ತಾ ಬಂದು ಮಡಿಲು ಬಿಚ್ಚಿದಳು. ಒಂದು ಬೀಜ ಬಿತ್ತು.

“ಎಷ್ಟು ಅಜ್ಜಿ?” ಹೊಗೆಯೊಳಗಿಂದ ಯಾರೋ ಕೇಳಿದರು.

“ಒಂದು.”

“ಸರಿಯಾಗಿ ಎಣಿಸಿದೆಯಾ?”

“ಒಂದನ್ನ ತಪ್ಪಾಗಿ ಎಣಿಸೋದು ಹೇಗೆ ಅಂತ ಹೇಳಿಕೊಡು ಮಗಾ, ಕಲೀತೀನಿ.”

ಕತ್ತಿಯವ ಆ ಬೀಜವನ್ನು ಎತ್ತಿ ಕಣ್ಣಿಗೊತ್ತಿಕೊಂಡ. ಸೂಜಿಯನ್ನು ದೂರ ಎಸೆದ ಸದ್ದು ಕೇಳಿಸಿತು. ಒಂದೇ ಎಲೆ ಹಾಸಿದ. ಸಾಲದೆ ಪಕ್ಕದಲ್ಲಿ ತನ್ನ ಟವೆಲ್ಲನ್ನೂ ಹಾಸಿದ. ಇಡೀ ತೊಡೆ, ಇಡೀ ಪಕ್ಕೆ, ಇಡೀ ಬಾಲ, ನಾಲ್ಕು ನಲ್ಲಿ ಮೂಳೆ ಇದ್ದ ಹಾಗೇ. ನನ್ನ ಬೆನ್ನಿಗೆ ಗಂಟಲು ಸರಿಮಾಡಿಕೊಂಡು ಕೇಳಿದ:

“ಇದು ಯಾರಿಗೆ?”

ಒಂದು ಹೊಗೆ, ಒಂದು ಗುಡ್ಡೆ, ಒಂದು ಹೆಸರು. ನನ್ನ ಎಡಗಿವಿಗೆ ಯಾರೋ “ಮಾವಾ, ನನ್ನ ಹೋರಿ ನಿನಗೆ ಕೊಡ್ತೀನಿ” ಅಂದರು. ಬಲಗಿವಿಗೆ “ನಿನ್ನ ಮಗಳನ್ನ ನಮ್ಮನೆಗೆ ತಂದುಕೊಳ್ತೀವಿ” ಅಂದರು. ನನಗೆ ಮಗಳಿಲ್ಲ. ಪೂಜೆಯವರು ಗಂಟೆ ಅಲ್ಲಾಡಿಸಿದರು. ನಾನು ಹುಣಸೆಯ ತೊಗಟೆ ನೋಡುತ್ತಾ ನಿಂತೆ. ಮೂರು ಕಲ್ಲಿನಾಕೆ ನನ್ನ ಮುಖ ನೋಡಿದ್ದು ನೆನಪಾಯಿತು. ಬಾಗಿಲಿಗೆ ಕಿವಿ ಇಟ್ಟದ್ದು ನೆನಪಾಯಿತು. ಎದೆ ತುಂಬಿ ಬಂತು. ಊರಿಗೆಲ್ಲ ಕೇಳುವ ಹಾಗೆ, “ಇದು ಮೂರು ಕಲ್ಲಿನ ಹೊಗೆಗೆ” ಅಂದೆ.

ನಿಮ್ಮ ಕಣ್ಣು ಒದ್ದೆಯಾಯಿತು, ನೋಡಿದೆ. ಒರೆಸಿಕೊಳ್ಳಿ. ಅದು ಸುಳ್ಳು.

“ಬೆನ್ನಿನವನ ಹೊಗೆಗೆ” ಅಂದೆ. ಇಪ್ಪತ್ತೊಂದು ವರ್ಷ ಸ್ವಾಮಿ, ನೀವಾದರೂ ಏನು ಮಾಡುತ್ತಿದ್ದಿರಿ?

ಯಾರೂ ಬೈಯಲಿಲ್ಲ. ಕಟ್ಟಳೆಯಲ್ಲಿ ತಪ್ಪಿರಲಿಲ್ಲ. ಅಷ್ಟೂ ಜನ ಹೊಗೆಯಲ್ಲಿ ದಾರಿ ಬಿಟ್ಟರು. ನಾನು ಮೊದಲ ಸಲ ಹಿಂದಕ್ಕೆ ತಿರುಗಿ ಗುಡ್ಡೆ ನೋಡಿದೆ. ಚೆನ್ನಾಗಿತ್ತು. ಟವೆಲ್ಲಿನಲ್ಲಿ ಕಟ್ಟಿ ಹೆಗಲಿಗೇರಿಸಿ ಮನೆಗೆ ಬಂದೆ. ಮನೆಯಾಕೆ ಹೊಸಿಲಲ್ಲಿ ನಿಂತಿದ್ದಳು.

“ತಂದಿರಿ,” ಅಂದಳು.

“ತಂದೆ.”

“ಎಲ್ಲಿ ಬೇಯಿಸ್ತೀರಿ?”

ಒಂಬತ್ತು ಒಲೆ ನೋಡಿದೆ. ಒಂದೊಂದರ ಮೇಲೂ ಒಂದು ತೆಂಗಿನ ಚಿಪ್ಪು ಕೂತಿತ್ತು. ನೆರಳಿನ ಒಲೆಯ ಮೇಲೆ ಮೂಳೆಯೊಂದನ್ನು ಇಟ್ಟೆ. ಒಲೆ ಪುಡಿಯಾಯಿತು. ಬಾವಿ ಪಕ್ಕದವರನ್ನು ಕೇಳಿದೆ. ಅವರ ಒಲೆಯಲ್ಲಿ ಹೊಗೆ ಇತ್ತು, ಬೆಂಕಿ ಇರಲಿಲ್ಲ. ಕುಂಟು ಬಾಗಿಲವನನ್ನು ಕೇಳಿದೆ. “ಪಾತ್ರೆ ಒಂದಿದೆ, ಅದರಲ್ಲಿ ಅಪ್ಪನ ಬೂದಿ ಇದೆ, ಪರವಾಗಿಲ್ಲವಾ?” ಅಂದ. ಟವೆಲ್ಲು ತೊಟ್ಟಿಕ್ಕುತ್ತಿತ್ತು. ಮಧ್ಯಾಹ್ನವಾಗುತ್ತಾ ಬಂತು. ಇನ್ನು ಸ್ವಲ್ಪ ಹೊತ್ತು ಹೋದರೆ ನನ್ನ ಅದೃಷ್ಟ ವಾಸನೆ ಬರುತ್ತಿತ್ತು. ನಾನು ಮುಂದೆ, ಎಲೆ ಹಿಡಿದುಕೊಂಡು ಇಡೀ ಊರು ಹಿಂದೆ.

ಊರ ಕೊನೆಯ ಬಾಗಿಲ ಹತ್ತಿರ ಹೊಗೆ ತಿಳಿಯಾಗಿತ್ತು. ಹಿತ್ತಲಲ್ಲಿ ಮೂರು ಕಲ್ಲಿನ ಮಧ್ಯೆ ಒಣ ಸೌದೆ ಸದ್ದಿಲ್ಲದೆ ಉರಿಯುತ್ತಿತ್ತು. ಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಯುತ್ತಿತ್ತು. ಮಗಳು ಬಂದಾಗಿನಿಂದ ಆಕೆ ಪ್ರತಿ ಭಾನುವಾರ ಹಾಗೆ ನೀರಿಟ್ಟು ಕಾಯುತ್ತಿದ್ದಳಂತೆ.

“ಅಕ್ಕಾ,” ಅಂದೆ.

“ಒಲೆ ನನ್ನದು,” ಅಂದಳು.

“ಹೌದಕ್ಕಾ.”

“ಪಾತ್ರೆ ನನ್ನದು.”

“ಹೌದಕ್ಕಾ.”

“ಬಾಡು?”

“ನನ್ನದು. ನಾನೇ ಕೂಗಿಕೊಂಡೆ.”

“ಆಯ್ತು. ಒಳಗೆ ಹಾಕು. ಬೇಯೋವರೆಗೂ ಆ ಗೋಡೆ ಕಡೆ ತಿರುಗಿ ನಿಂತ್ಕೋ. ನಿನಗೆ ಅಭ್ಯಾಸ ಇದೆ.”

ನಿಂತೆ. ಬೆನ್ನ ಹಿಂದೆ ಕೊತ್ತಂಬರಿ ಹುರಿದ ವಾಸನೆ ಬಂತು, ಶುಂಠಿ ಜಜ್ಜಿದ ವಾಸನೆ ಬಂತು, ಚಕ್ಕೆ ಲವಂಗದ ವಾಸನೆ ಬಂತು. ಹಿತ್ತಲಲ್ಲಿ ಊರಿನ ಹೊಟ್ಟೆಗಳೆಲ್ಲ ಒಂದೇ ತಾಳಕ್ಕೆ ಗುಡುಗಿದವು. ಕೊನೆಗೆ ಪಾತ್ರೆಯ ಮುಚ್ಚಳ ತೆಗೆದ ಸದ್ದು. ಸೌಟು ಮುಳುಗಿದ ಸದ್ದು. ಆಮೇಲೆ ಬಟ್ಟಲಿಗೆ ಏನೋ ಬಿತ್ತು: ಟಣ್.

ನಾನು ಬೆನ್ನಿನವ. ಕಣ್ಣಿಲ್ಲದೆ ಊರನ್ನು ಕೇಳಿದವನು. ಆ ಸದ್ದು ನನಗೆ ಗೊತ್ತಿಲ್ಲವೇ? ನಲ್ಲಿ ಮೂಳೆ, ಬಲಗಾಲಿನದು.

ಮೂರು ಕಲ್ಲಿನಾಕೆ ಕೇಳಿದಳು: “ಇದು ಯಾರಿಗೆ?”

‘ನನಗೆ’ ಅನ್ನಲೆಂದೇ ಬಾಯಿ ತೆರೆದೆ. ಆಣೆ ಮಾಡಿ ಹೇಳುತ್ತೇನೆ, ಅದಕ್ಕೇ ತೆರೆದದ್ದು. ನನ್ನ ಮೂಗಿನ ಮುಂದಿದ್ದ ಗೋಡೆಯ ಆಚೆ ಬಾಣಂತಿ ಕೋಣೆ ಅಂತ ನನಗೇನು ಗೊತ್ತಿತ್ತು? ಗೋಡೆಯಾಚೆ ಮಗು ಅತ್ತಿತು. ಅಳು ಅಂದರೆ ಅಳುವಲ್ಲ. ತಿಗಣೆ ಕೆಮ್ಮಿದ ಹಾಗಿತ್ತು.

“ಬಾಣಂತಿಗೆ,” ಅಂದೆ.

ಟಣ್. “ಇದು ಯಾರಿಗೆ?”

“ಬಾಣಂತಿಗೆ.”

ಟಣ್. “ಇದು?”

“ಅಕ್ಕಾ, ಸುಮ್ಮನೆ ಯಾಕೆ ನನ್ನ ಹೊಟ್ಟೆ ಉರಿಸ್ತೀಯ? ನಾಲ್ಕೂ ಬಾಣಂತಿಗೆ. ಮುಂದಕ್ಕೆ ನಡಿ.”

ಗೋಡೆಯಾಚೆಯಿಂದ ತಟ್ಟೆಗೆ ಮೂಳೆ ಕುಟ್ಟಿದ ಸದ್ದು ಬಂತು, ಎರಡು ಸಲ. ಆಮೇಲೆ ಸುರ್ರು. ಅಂಥ ಸುರ್ರು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಾಲ್ಕು ಸಲ ಬಂತು. ನಾಲ್ಕು ಸಲವೂ ನುಂಗಿದವನು ನಾನೇ.

ಉಳಿದದ್ದನ್ನು ಸೌಟಿಗೊಬ್ಬರಂತೆ ಕೂಗಿದೆ. ಗಂಡಂದಿರು, ಹೆಂಡಂದಿರು, ಅಣ್ಣತಮ್ಮಂದಿರು. ಹೋರಿಗೂ ತೀರಿಕೊಂಡವರಿಗೂ ಆ ದಿನ ಹಸಿವಿರಲಿಲ್ಲ. ನನ್ನ ಹೆಸರು ಕೊನೆಗೆ ಬಂತು. ತಳದ ಸಾರು ಮಾತ್ರ ಇತ್ತು. ಮನೆಯಾಕೆ ತನ್ನ ಎಲೆಯಿಂದ ಒಂದು ತುಂಡು ನನ್ನ ಎಲೆಗೆ ಹಾಕಿ, “ಸೀರೆ ವಿಷಯ ಇನ್ನೂ ಮುಗಿದಿಲ್ಲ” ಅಂದಳು. ಬಾಣಂತಿ ಚೀಪಿದ ಮೂಳೆಯೊಂದನ್ನು ಮೂರು ಕಲ್ಲಿನಾಕೆ ನನ್ನ ಕೈಗಿಟ್ಟಳು. ಖಾಲಿ. ತುದಿಗೆ ಬಾಯಿ ಇಟ್ಟು ಎಳೆದೆ, ಗಾಳಿ ಬಂತು. ಊದಿದೆ, ಪೀಪಿಯಂಥ ಸದ್ದು ಬಂತು. ಗೋಡೆಯಾಚೆ ಮಗು ಬೆಚ್ಚಿ ಬಿದ್ದು, ಹೊಟ್ಟೆ ತುಂಬಿದ ಮಗು ಅಳುತ್ತದಲ್ಲ ಹಾಗೆ, ಊರಿಗೆಲ್ಲ ಕೇಳುವ ಹಾಗೆ ಅತ್ತಿತು. ಈಗ ಅದು ಪಕ್ಕದೂರಿಗೂ ಕೇಳುತ್ತದಂತೆ. ಪಕ್ಕದೂರಿನವರು ದೂರು ತಂದಿದ್ದರಂತೆ.

ಆಮೇಲೆ ಕಟ್ಟಳೆ ಬದಲಾಯಿತು. ಹೊಗೆ ನಂಬುವ ಹಾಗಿಲ್ಲ ಅಂತಾಯಿತು. ಈಗ ಅಲ್ಲಿ ಟಗರನ್ನು ಮೂರು ಕಲ್ಲಿನ ಮೇಲೆ ಒಟ್ಟಿಗೇ ಬೇಯಿಸಿ, ಒಟ್ಟಿಗೇ ಕೂತು ಉಂಡು, ಆಮೇಲೆ ಹೊಗೆಯಜ್ಜಿ ತೇಗು ಎಣಿಸುತ್ತಾಳೆ. ತೇಗಿಗೊಂದು ಬೀಜ, ಬೀಜಕ್ಕೊಂದು ಎಲೆ. ಊಟ ಮುಗಿದ ಮೇಲೆ ಎಲೆ ಯಾಕೆ ಅಂತ ಕೇಳಬೇಡಿ, ಕಟ್ಟಳೆ ಅಂದರೆ ಕಟ್ಟಳೆ. ಕತ್ತಿಯವ ಖಾಲಿ ಎಲೆಗಳನ್ನು ಸಾಲಾಗಿ ಹಾಸಿ, ಒಂದೊಂದನ್ನೇ ಮುಟ್ಟಿ, “ಇದು ಯಾರಿಗೆ” ಅನ್ನುತ್ತಾನೆ. ಎಲ್ಲರೂ ನಗುತ್ತಾರೆ.

ಹೊಸ ಕಟ್ಟಳೆಯ ಮೊದಲ ಭಾನುವಾರವೇ ನಾನು ಎರಡು ಸಲ ತೇಗಿದೆ. ಅಭ್ಯಾಸಬಲ. ಊರು ನನ್ನನ್ನು ನೋಡಿತು, ಮನೆಯಾಕೆ ನೋಡಿದಳು. ಸ್ವಲ್ಪ ದಿನ ಎಲ್ಲಾದರೂ ತಿರುಗಾಡಿಕೊಂಡು ಬಾ ಅಂದರು. ಬಿಸಿಲು ಬಲಗಿವಿಗೆ ಬೀಳುವ ಹಾಗೆ ಮೂರು ದಿನ ನಡೆದೆ. ಹಾಗೆ ಈಗ ನಿಮ್ಮ ಪಕ್ಕ ಕೂತಿದ್ದೇನೆ. ಮೂಳೆಯೆಲ್ಲಿ ಅನ್ನುತ್ತೀರಾ? ಜೇಬಿನಲ್ಲೇ ಇದೆ. ಇಲ್ಲ, ತೋರಿಸುವುದಿಲ್ಲ, ತೋರಿಸಿದರೆ ಅದು ಪೆನ್ನು ಅಂತ ನಿಮಗೆ ಗೊತ್ತಾಗಿಬಿಡುತ್ತದೆ.

ಅಂದ ಹಾಗೆ, ಎರಡನೇ ಸಲ ತುಂಬಿಸಿದ ಈ ಎರಡು ಲೋಟದ ಹಬೆ ನೋಡಿ. ಬೇರೆಬೇರೆ ಎದ್ದು ಮೇಲೆ ಒಂದಾಗಿಬಿಟ್ಟಿದೆ. ಬಂಡೆಯ ಮೇಲಿನ ಅಜ್ಜಿ ನೋಡಿದರೆ ಒಂದೇ ಬೀಜ ಹಾಕುತ್ತಾಳೆ. ಒಂದು ಹಬೆ, ಒಂದು ಹೆಸರು. ಬೆನ್ನು ಹಾಕಿ ನಿಂತು ತೋರಿಸುತ್ತೇನೆ ಅಂದಿದ್ದೆನಲ್ಲ, ಇಗೋ ನಿಂತೆ. ನನಗೆ ನೀವೂ ಕಾಣುತ್ತಿಲ್ಲ, ಟೀ ಅಂಗಡಿಯವನೂ ಕಾಣುತ್ತಿಲ್ಲ. ಅವನು ದುಡ್ಡು ಕೇಳಲು ಬರುತ್ತಿರುವ ಸದ್ದು ಮಾತ್ರ ಕೇಳುತ್ತಿದೆ. ಈಗ ಲೋಟ ಮುಟ್ಟಿ, ‘ಇದು ಯಾರಿಗೆ’ ಅನ್ನುತ್ತಾನೆ. ನಾನು ನೋಡದೆ ಕೂಗಬೇಕು, ಜಗಳವಿರುವುದಿಲ್ಲ.

ಬೇಗ ಹೇಳಿ ಸ್ವಾಮಿ, ನಿಮ್ಮ ಹೆಸರೇನಂದಿರಿ?